ಮುಕ್ತ ಕಚೇರಿ ತಂತ್ರಾಂಶ ಎಲ್ಲೆಡೆ ಬಳಕೆಗೆ ಬರಲಿ

ಮಾನ್ಯ ಸಂಪಾದಕರೇ,

ಪತ್ರ, ಲೆಕ್ಕಪಟ್ಟಿ ಮುಂತಾದವನ್ನು ಸಿದ್ಧಪಡಿಸುವ ಕಚೇರಿ ತಂತ್ರಾಂಶಕ್ಕೆ ಪ್ರತಿವರ್ಷ ಪರವಾನಗಿ ಶುಲ್ಕ ತೆರುವುದು ಅನಿವಾರ್ಯವೆಂಬ ನಂಬಿಕೆ ಜಗತ್ತಿನಾದ್ಯಂತ ಬೇರೂರಿದೆ. ಆದರೆ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದನ್ನು ರೂಪಿಸಿದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಪರಿಶೀಲಿಸಿ, ತಿದ್ದಿ, ತಮ್ಮ ಭಾಷೆಗೆ ಒಗ್ಗಿಸಿಕೊಳ್ಳಬಹುದು. ಹಣದ ಉಳಿತಾಯಕ್ಕಿಂತಲೂ ನನಗೆ ಮುಖ್ಯವೆನಿಸುವುದು ಕಡತಗಳ ಬಾಳಿಕೆ: ಲಿಬ್ರೆಆಫೀಸ್ ಕಡತಗಳನ್ನು ಉಳಿಸಲು ಬಳಸುವ, 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂದು ಅಂಗೀಕೃತವಾದ ಓಪನ್ ಡಾಕ್ಯುಮೆಂಟ್ ಸ್ವರೂಪದ ವಿವರಗಳು ಎಲ್ಲರಿಗೂ ತೆರೆದಿರುವುದರಿಂದ, ತಯಾರಕ ಸಂಸ್ಥೆಯೇ ಮುಚ್ಚಿಹೋದರೂ ಇಂದಿನ ದಾಖಲೆಯನ್ನು ಮುಂದಿನ ತಲೆಮಾರು ಓದಬಲ್ಲದು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು ತನ್ನ ಆಡಳಿತದ ಸುಮಾರು 30,000 ಕಂಪ್ಯೂಟರ್‌ಗಳಲ್ಲಿ ಲಿಬ್ರೆಆಫೀಸ್ ಬಳಸುವ ನಿರ್ಧಾರವನ್ನು 2024ರಲ್ಲಿ ಪ್ರಕಟಿಸಿತು. ಇಂಥ ಬದಲಾವಣೆಗೆ ಸಿಬ್ಬಂದಿಯ ತರಬೇತಿ ಬೇಕು, ಪದೇಪದೇ ಮಾಡುವ ಕೆಲಸಗಳನ್ನು ತಾವಾಗಿಯೇ ನಡೆಸುವ ಹಳೆಯ ಮ್ಯಾಕ್ರೋಗಳನ್ನು (ಕಿರು ಆದೇಶಗಳನ್ನು) ಹೊಸದಾಗಿ ಬರೆಯಬೇಕಾಗುತ್ತದೆ. ಆದ್ದರಿಂದ ಸರ್ಕಾರಗಳು ಪರವಾನಗಿಯಲ್ಲಿ ಉಳಿಯುವ ಹಣದ ಒಂದು ಪಾಲನ್ನು ತರಬೇತಿಗೂ, ಈ ತಂತ್ರಾಂಶವನ್ನು ಬೆಳೆಸುತ್ತಿರುವವರಿಗೂ ಮೀಸಲಿಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ