ಸೇತುವೆ ಮೇಲೆ ಪಕ್ಕದಲ್ಲಿ ನಿಂತವರಿಗೆ

ಮೊನ್ನೆ ಬುಧವಾರ, 2014ರ ಮಾರ್ಚ್ 12ರಂದು, ಕಾಬೂಲ್‌ನಲ್ಲಿ ಕೆನಡಾದ ಬಾವುಟ ಇಳಿಸಿದರು. ಟಿವಿ ಮುಂದೆ ಕೂತು ನೋಡಿದೆ. ಹನ್ನೆರಡು ವರ್ಷದ ಯುದ್ಧ. ಈ ದೇಶದ 158 ಸೈನಿಕರು ಸತ್ತರು. ಅಲ್ಲಿನ ಜನ ಎಷ್ಟು ಸತ್ತರೋ, ಸರಿಯಾಗಿ ಲೆಕ್ಕ ಇಟ್ಟವರಿಲ್ಲ. ಖುಷಿಪಡುವಂಥದ್ದು ಏನೂ ಇರಲಿಲ್ಲ. ಆದರೆ ಆ ಹೊತ್ತಲ್ಲಿ ನಿಮ್ಮ ಮುಖಗಳೇ ಒಂದೊಂದಾಗಿ ನೆನಪಾದವು. ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಕಡೆಯವರಿಗೆ ಸ್ವಲ್ಪ ಹೇಳಬೇಕು. ನಾನಿರುವುದು ಟೊರೊಂಟೊ ಹತ್ತಿರದ ಓಶಾವಾದಲ್ಲಿ. ನಮ್ಮ ಪಕ್ಕದಲ್ಲೇ 401 ಹೆದ್ದಾರಿ ಹೋಗುತ್ತದೆ. ಅಫ್ಘಾನಿಸ್ತಾನದಲ್ಲಿ ಸತ್ತವರನ್ನು ವಿಮಾನದಲ್ಲಿ ಟ್ರೆಂಟನ್ ವಾಯುನೆಲೆಗೆ ತಂದು, ಅಲ್ಲಿಂದ ಇದೇ ರಸ್ತೆಯಲ್ಲಿ ಟೊರೊಂಟೊಗೆ ಒಯ್ಯುತ್ತಿದ್ದರು. ಯಾರೂ ಕರೆಯದಿದ್ದರೂ ಜನ ಮೇಲ್ಸೇತುವೆಗಳ ಮೇಲೆ ಬಂದು ನಿಲ್ಲುತ್ತಿದ್ದರು. ಅಗ್ನಿಶಾಮಕದವರು ತಮ್ಮ ಗಾಡಿ ಮೇಲೆ ಹತ್ತಿ ಸೆಲ್ಯೂಟ್ ಹೊಡೆಯುತ್ತಿದ್ದರು. ಕೆಳಗೆ ಕಪ್ಪು ಕಾರುಗಳು ಹೋಗುತ್ತಿದ್ದವು. ಒಳಗಿದ್ದ ಮನೆಯವರು ಕಿಟಕಿಯಿಂದ ಕೈ ಬೀಸುತ್ತಿದ್ದರು. ಎಷ್ಟು ಸಲ ನೋಡಿದರೂ ಅದು ರೂಢಿಯಾಗಲಿಲ್ಲ.

ಅಲ್ಲಿ ನಿಲ್ಲುತ್ತಿದ್ದ ನಾನೇ, ಯುದ್ಧ ಮುಂದುವರಿಸಬೇಡಿ ಅಂತ ಎಂಪಿ ಆಫೀಸಿನ ಎದುರೂ ಫಲಕ ಹಿಡಿದು ನಿಲ್ಲುತ್ತಿದ್ದೆ. ಎರಡೂ ಹೇಗೆ ಅಂತ ಕೇಳಿದವರು ಜಾಸ್ತಿ. ಕೇಳದೆ ಪಕ್ಕದಲ್ಲಿ ನಿಂತವರು ನೀವು.

ನನಗೆ ಎರಡೂ ಬೇರೆ ಅನ್ನಿಸಿರಲೇ ಇಲ್ಲ. ನಾನು ಸೋಮವಾರಪೇಟೆ ಕಡೆಯವಳು. ನಮ್ಮ ಚಿಕ್ಕಪ್ಪ 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದರು. ಬೇಗ ಬಂದುಬಿಡ್ತೀವಿ ಅಂತ ಅಜ್ಜಿಗೆ ಹೇಳಿ ಹೋಗಿದ್ದರು. ಆ ಪಡೆ ವಾಪಸ್ ಬಂದದ್ದು 1990ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಸುಮಾರು 1,200 ಜನ ಸತ್ತಿದ್ದರು. ಚಿಕ್ಕಪ್ಪ ಅವರಲ್ಲಿ ಒಬ್ಬರು. ಅಜ್ಜಿ ಕೊನೆಯವರೆಗೂ ಒಂದೇ ಮಾತು ಕೇಳುತ್ತಿದ್ದರು: "ಇನ್ನೂ ಸ್ವಲ್ಪ ದಿನ ಇರಿ ಅಂತ ಅಂದವರು ಯಾರು?"

ಇಲ್ಲೂ ಅದೇ ನಡೆಯಿತು. 2006ರ ಮೇ 17ರಂದು ಒಟ್ಟಾವಾದ ಸಂಸತ್ತು ಯುದ್ಧವನ್ನು 2009ರವರೆಗೆ ಎಳೆಯಿತು. 149ಕ್ಕೆ 145. ಬರೀ ನಾಲ್ಕು ಮತ. ಅದೇ ದಿನ ಕಂದಹಾರ್‌ನಲ್ಲಿ ಕ್ಯಾಪ್ಟನ್ ನಿಕೋಲಾ ಗೊಡಾರ್ಡ್ ಕಾದಾಟದಲ್ಲಿ ತೀರಿಕೊಂಡರು. 2008ರ ಮಾರ್ಚ್ 13ಕ್ಕೆ ಆಡಳಿತ ಪಕ್ಷದ ಜೊತೆ ವಿರೋಧ ಪಕ್ಷವಾದ ಲಿಬರಲ್‌ಗಳೂ ಸೇರಿ, 198ಕ್ಕೆ 77 ಮತದಿಂದ ಅದನ್ನು 2011ರವರೆಗೆ ಎಳೆದರು. ಆಮೇಲೆ 2010ರಲ್ಲಿ, ತರಬೇತಿ ಕೊಡೋಕೆ ಅಂತ ಹೇಳಿ, 2014ರವರೆಗೆ ಇರುತ್ತೇವೆ ಅಂದರು. ಆ ಸಲ ಮತಕ್ಕೂ ಹಾಕಲಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಅದೇ. ಸೋಲುತ್ತೇವೆ ಅಂತ ಗೊತ್ತಿದ್ದರೂ ಕೈ ಎತ್ತಿ ಎಣಿಸಬೇಕಿತ್ತು, ಅಲ್ವಾ?

ಯುದ್ಧ ಬೇಡ ಅಂದಿದ್ದ ಎನ್‌ಡಿಪಿ ಪಕ್ಷದ ನಾಯಕ ಜ್ಯಾಕ್ ಲೇಟನ್ ಇವತ್ತು ಇಲ್ಲ. 2011ರಲ್ಲಿ ಹೋಗಿಬಿಟ್ಟರು. ತಾಲಿಬಾನ್ ಜೊತೆ ಮಾತುಕತೆಯೂ ಆಗಬೇಕು ಅಂದಿದ್ದಕ್ಕೆ ಅವರನ್ನು "ತಾಲಿಬಾನ್ ಜ್ಯಾಕ್" ಅಂತ ಹಂಗಿಸಿದ್ದರು. ಅವರಿಗೆ ನನ್ನ ನಮಸ್ಕಾರ.

ನನಗೂ ಬೈಗುಳ ಬಂದವು. ನಿನ್ನ ದೇಶಕ್ಕೆ ಹೋಗು ಅಂತ ಕಾರು ನಿಧಾನ ಮಾಡಿ ಕೂಗಿದವರಿದ್ದರು. ನಾನು ಕೆಲಸ ಮಾಡುತ್ತಿದ್ದ ಕಡೆ, ಇಂಥದ್ದೆಲ್ಲ ಬಿಡಮ್ಮ ಅಂತ ಕರೆದು ಹೇಳಿದರು. ಆ ವಾರ ಸಂಜೆಯಾದರೆ ಅಳುತ್ತಿದ್ದೆ. ಆಗ ದಿನಾ ಫೋನ್ ಮಾಡುತ್ತಿದ್ದ ಅಕ್ಕ, ನೀವೇ. ಹೆಸರು ಹಾಕಬೇಡ ಅಂದಿದ್ದೀರಿ, ಹಾಕಿಲ್ಲ.

ಆ 2008ರ ಚಳಿಯಲ್ಲಿ ನಮ್ಮ ಬ್ಯಾನರಿನ ಹತ್ತಿರ ಒಬ್ಬ ಹೆಂಗಸು ಬಂದು ಸುಮ್ನೆ ನಿಂತರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರ ಮಗ ಕಂದಹಾರ್ ಹತ್ತಿರದ ಪಂಜ್ವಾಯಿಯಲ್ಲಿ ಸತ್ತಿದ್ದ. ಅವನು ಬಂದ ದಿನ ನಾನೂ ಸೇತುವೆ ಮೇಲಿದ್ದೆ. "ಸತ್ತವರ ತ್ಯಾಗ ವ್ಯರ್ಥ ಆಗಬಾರದು, ಅದಕ್ಕೇ ಮುಂದುವರಿಸಬೇಕು ಅಂತಾರೆ. ನನ್ನ ಮಗನ ಹೆಸರು ಹೇಳಿ ಇನ್ನೊಬ್ಬಳ ಮಗನನ್ನು ಕಳಿಸೋದು ಬೇಡ" ಅಂದರು. ಆಮೇಲೆ ಬ್ಯಾನರಿನ ಇನ್ನೊಂದು ತುದಿ ಹಿಡಿದುಕೊಂಡರು. ಅವತ್ತಿಂದ ಪ್ರತಿ ಶನಿವಾರ ಬಂದರು. ಅಮ್ಮಾ, ನಿಮಗೆ ಥ್ಯಾಂಕ್ಸ್ ಅನ್ನುವ ಮಾತು ಸಾಲುವುದಿಲ್ಲ.

ಕಂದಹಾರ್ ಕಡೆಯ ನಮ್ಮ ಪಕ್ಕದ ಮನೆಯವರಿಗೂ ಹೇಳಬೇಕು. ಅವರು ನನ್ನ ಮಾತನ್ನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. "ನೀವೆಲ್ಲ ಹೊರಟು ಬಂದರೆ ನನ್ನ ತಂಗಿ ಮಕ್ಕಳು ಶಾಲೆಗೆ ಹೋಗೋದು ಹೇಗೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫಿರಂಗಿ ಇಟ್ಟುಕೊಂಡು ಶಾಲೆ ಎಷ್ಟು ದಿನ ನಡೆಸುತ್ತಾರೆ ಅಂತ ಮಾತ್ರ ಕೇಳಿದೆ. ಅವರ ಹತ್ತಿರವೂ ಉತ್ತರ ಇರಲಿಲ್ಲ. ಆದರೂ ಪ್ರತಿ ಶನಿವಾರ ಫ್ಲಾಸ್ಕಿನಲ್ಲಿ ಏಲಕ್ಕಿ ಚಹಾ ಕಳಿಸುತ್ತಿದ್ದರು. ಅವರ ಪ್ರಶ್ನೆ ನನ್ನ ಜೊತೆಗೇ ಇದೆ. ಆ ಮಕ್ಕಳಿಗೆ ಒಳ್ಳೆಯದಾಗಲಿ ಅಂತ ದಿನಾ ಬೇಡಿಕೊಳ್ಳುತ್ತೇನೆ.

ಸಹಿ ಹಾಕಿದ ಕನ್ನಡ ಗೆಳೆಯರೇ, ಹಾಕೋಕೆ ಆಗಲ್ಲ ಅಂತ ಮುಖ ನೋಡಿ ಹೇಳಿದವರೇ, ಮಕ್ಕಳನ್ನು ನೋಡಿಕೊಂಡ ನಮ್ಮವರೇ, ಎಲ್ಲರಿಗೂ ಥ್ಯಾಂಕ್ಸ್.

ಈ ಭಾನುವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬನ್ನಿ. ಅಕ್ಕಿ ಕಡುಬು ಮಾಡುತ್ತೇನೆ. ಅಮ್ಮ ಮಗನ ಫೋಟೊ ತರುತ್ತೇನೆ ಅಂದಿದ್ದಾರೆ. ಚಹಾ ಪಕ್ಕದ ಮನೆಯಿಂದ ಬರುತ್ತದೆ.