ಗೇರ್‌ಬಾಕ್ಸ್ ಬದಲಾಗಿದ್ದರೆ ಬಿಲ್ಲು ಕೇಳಿ, ಬೆನ್ನು ತಿರುಗಿಸಬೇಡಿ

ಮಾನ್ಯ ಸಂಪಾದಕರೇ,

‘ಗೇರ್‌ಬಾಕ್ಸ್ ಚೇಂಜ್ ಆಗಿದೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಮುರಿದು ಬೀಳುತ್ತದೆ, ಇಲ್ಲವೇ ಕೊಳ್ಳುವವರು ಬಾಯಿಗೆ ಬಂದ ಬೆಲೆಗೆ ಕೇಳತೊಡಗುತ್ತಾರೆ. ಸಾಮಾನ್ಯ ಕಾರುಗಳ ವಿಷಯದಲ್ಲಿ ಇದು ಅಷ್ಟಾಗಿ ಕಾಡದು. ಆದರೆ 2004ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, 2015ರಲ್ಲಿ ಬಂದ ಫಿಯೆಟ್ ಕಂಪನಿಯ ಅಬಾರ್ತ್ ಪುಂಟೊ ಮುಂತಾದ ಮ್ಯಾನುಯಲ್ ಗೇರಿನ ವೇಗದ ಕಾರುಗಳನ್ನು ಹುಡುಕಿಕೊಂಡು ಹೋಗುವ ಯುವಕರು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರಗಳಲ್ಲಿ ಇಂದಿಗೂ ಇದ್ದಾರೆ. ರಾಷ್ಟ್ರೀಯ ಕಾರ್ ರ್‍ಯಾಲಿಯ ಸುತ್ತುಗಳು ಕಾಫಿ ತೋಟಗಳ ನಡುವೆ ನಡೆದ ಜಿಲ್ಲೆಯಲ್ಲಿ ಅದು ಸಹಜವೂ ಹೌದು. ಈ ಮಾದರಿಗಳು ಇನ್ನು ಹೊಸದಾಗಿ ಸಿಗುವುದಿಲ್ಲ. ಸಿಗುವ ಹಳೆಯವು ಕೂಡ ಹಿಂದಿನ ಮಾಲೀಕರ ಕೈಯಲ್ಲಿ ಚೆನ್ನಾಗಿಯೇ ದುಡಿದಿರುತ್ತವೆ. ಹೀಗಿರುವಾಗ ಗೇರ್‌ಬಾಕ್ಸ್ ಒಮ್ಮೆ ಬದಲಾಗಿದ್ದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಬೋಧಿಸಿ ನಿವೃತ್ತನಾದ ನನಗೆ ಈ ಹೆದರಿಕೆಗಿಂತ ಅದರ ಪರಿಣಾಮವೇ ಹೆಚ್ಚು ತೊಂದರೆಯದಾಗಿ ಕಾಣುತ್ತದೆ. ನಿಜ ಹೇಳಿದ ಮಾಲೀಕನಿಗೆ ಬೆಲೆ ಕಡಿಮೆ ಸಿಗುತ್ತದೆಂದಾದರೆ ಮುಂದಿನವನು ನಿಜ ಹೇಳುವುದಿಲ್ಲ. ಹೇಳದೆ ಇರುವುದು ಸುಲಭವೂ ಹೌದು. ನೋಂದಣಿ ಪತ್ರದಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆಗಳಿರುತ್ತವೆ, ವರ್ಗಾವಣೆಯ ಅರ್ಜಿಗೆ ಚಾಸಿ ಸಂಖ್ಯೆಯ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಅಂಟಿಸುವುದೂ ಉಂಟು. ಎಂಜಿನ್ ಬದಲಾದರೆ ಸಾರಿಗೆ ಕಚೇರಿಗೆ ತಿಳಿಸಿ ನಮೂದು ಮಾಡಿಸಬೇಕು. ಗೇರ್‌ಬಾಕ್ಸಿನ ಕವಚದ ಮೇಲೂ ಒಂದು ಸಂಖ್ಯೆ ಇರುತ್ತದೆ, ಆದರೆ ಅದು ನೋಂದಣಿ ಪತ್ರದಲ್ಲಿ ಬರುವುದಿಲ್ಲ.

ಆದ್ದರಿಂದ ಕೊಳ್ಳುವವರು ‘ಬದಲಾಗಿದೆಯೇ’ ಎಂದು ಕೇಳಿ ನಿಲ್ಲಬಾರದು. ಯಾಕೆ ಬದಲಾಯಿತು, ಯಾವುದನ್ನು ಕೂರಿಸಿದರು, ಆಗ ಕಾರು ಎಷ್ಟು ಕಿಲೋಮೀಟರ್ ಓಡಿತ್ತು, ಬಿಲ್ಲು ಎಲ್ಲಿದೆ ಎಂದು ಕೇಳಬೇಕು. ಆಯಿಲ್ ಸೀಲ್ ಸೋರಿ ಎಣ್ಣೆ ಬತ್ತಿದ್ದರಿಂದ ಹಾಳಾದ ಗೇರ್‌ಬಾಕ್ಸ್ ಬೇರೆ, ಮೂರನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಎಳೆದು ಮುರಿದ ಗೇರ್‌ಬಾಕ್ಸ್ ಬೇರೆ. ಎರಡನೆಯ ಸಂದರ್ಭದಲ್ಲಿ ಎಂಜಿನ್ ಕೂಡ ಮಿತಿ ಮೀರಿ ಸುತ್ತಿರುತ್ತದೆ, ಆದ್ದರಿಂದ ಅಲ್ಲಿ ನೋಡಬೇಕಾದದ್ದು ಹೊಸ ಗೇರ್‌ಬಾಕ್ಸನ್ನಲ್ಲ, ಹಳೆಯ ಎಂಜಿನ್ನನ್ನು.

ಹೊಸದೆಂದು ಹೇಳುವುದು ಬಹುಪಾಲು ಗುಜರಿಯಿಂದ ಬಂದದ್ದೇ ಆಗಿರುತ್ತದೆ. ಅದರಲ್ಲಿ ತಪ್ಪೇನಿಲ್ಲ, ಕಂಪನಿಯೇ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿದ ಮೇಲೆ ಮಾಲೀಕ ಇನ್ನೆಲ್ಲಿಗೆ ಹೋಗಬೇಕು? ಕಾರನ್ನು ರ್‍ಯಾಂಪಿಗೆ ಏರಿಸಿ ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ, ಎಣ್ಣೆ ಧೂಳು ಮೆತ್ತಿದ ಎಂಜಿನ್ನಿನ ಪಕ್ಕದಲ್ಲಿ ತೊಳೆದು ಕೂರಿಸಿದ ಅಲ್ಯುಮಿನಿಯಂ ಕವಚ, ಅದರ ಮೇಲೆ ಗುಜರಿಯವರು ಬಣ್ಣದಲ್ಲಿ ಬರೆದ ಅಂಕಿ ಎಷ್ಟೋ ಸಲ ಕಣ್ಣಿಗೆ ಬೀಳುತ್ತವೆ. ಅಪಾಯ ಇರುವುದು ಬೇರೆ ಕಡೆ. ಒಂದೇ ಕಂಪನಿಯ ಸಾಧಾರಣ ಮಾದರಿಯ ಅಥವಾ ಡೀಸೆಲ್ ಕಾರಿನ ಗೇರ್‌ಬಾಕ್ಸ್ ಕೆಲವೊಮ್ಮೆ ಬೋಲ್ಟಿಗೆ ಬೋಲ್ಟು ಸರಿಯಾಗಿ ಕೂತುಬಿಡುತ್ತದೆ, ಆದರೆ ಒಳಗಿನ ಹಲ್ಲುಗಳ ಅನುಪಾತ ಬೇರೆಯಾಗಿರುತ್ತದೆ. ಕಡಿಮೆ ಸುತ್ತಿನಲ್ಲೇ ಬಲ ಕೊಡುವ ಡೀಸೆಲ್ ಎಂಜಿನ್ನಿಗೆಂದು ಮಾಡಿದ ಅನುಪಾತವನ್ನು ಪೆಟ್ರೋಲ್ ಎಂಜಿನ್ನಿಗೆ ಜೋಡಿಸಿದರೆ ಕಾರು ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿ, ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಸಿಕ್ಕೊಡನೆ ಉಸಿರು ಕಟ್ಟಿದಂತೆ ಒದ್ದಾಡುತ್ತದೆ. ಹಾಸನದ ಹೆದ್ದಾರಿಯಲ್ಲಿ ಮೇಲಿನ ಗೇರಿನಲ್ಲಿ ಒಂದೇ ವೇಗದಲ್ಲಿ ಓಡಿಸಿ ಎಂಜಿನ್ನಿನ ಸುತ್ತು ನೋಡಿದರೆ ಇದು ಪತ್ತೆಯಾಗುತ್ತದೆ: 3000 ತೋರಿಸಬೇಕಾದ ಕಡೆ 2400 ತೋರಿಸಿದರೆ ಒಳಗೆ ಕೂತಿರುವುದು ಬೇರೆಯದು. ವೇಗವನ್ನು ಮಾತ್ರ ಮೊಬೈಲಿನ ಜಿಪಿಎಸ್‌ನಲ್ಲಿ ನೋಡಬೇಕು, ಏಕೆಂದರೆ ಅನೇಕ ಹಳೆಯ ಕಾರುಗಳ ಸ್ಪೀಡೋಮೀಟರ್ ಲೆಕ್ಕ ತೆಗೆದುಕೊಳ್ಳುವುದು ಅದೇ ಗೇರ್‌ಬಾಕ್ಸಿನಿಂದ.

ಪರೀಕ್ಷೆಗೆ ನಮ್ಮ ಘಟ್ಟಗಳಿಗಿಂತ ಒಳ್ಳೆಯ ಜಾಗವಿಲ್ಲ. ಮಾರುವವರು ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾರೆ, ಆದ್ದರಿಂದ ಮೊದಲೇ ಹೇಳಿ ಬೆಳಿಗ್ಗೆ ತಣ್ಣಗಿರುವ ಕಾರನ್ನೇ ಹೊರಡಿಸಬೇಕು. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಸಿಂಕ್ರೊ (ಗೇರುಗಳ ವೇಗ ಹೊಂದಿಸಿ ಸಲೀಸಾಗಿ ಕೂರಿಸುವ ಉಂಗುರ) ಸವೆದಿದೆ ಎಂದರ್ಥ. ಖಾಲಿ ಇಳಿಜಾರು ಸಿಕ್ಕಾಗ ಎರಡನೇ, ಆಮೇಲೆ ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು, ಬಲಗೈ ಸ್ಟೀರಿಂಗಿನ ಮೇಲೆಯೇ ಇಟ್ಟು, ಎಡಗೈಯನ್ನು ಲಿವರಿನಿಂದ ತೆಗೆಯಬೇಕು. ಲಿವರ್ ತಾನೇ ನ್ಯೂಟ್ರಲ್‌ಗೆ ಹಾರಿದರೆ ಆ ಕಾರಿನ ಮಾತು ಅಲ್ಲಿಗೇ ಮುಗಿಸುವುದು ಒಳ್ಳೆಯದು. ಚಾರ್ಮಾಡಿಯ ತಿರುವಿನಲ್ಲಿ ಹೀಗೆ ಗೇರ್ ಬಿಟ್ಟುಕೊಂಡರೆ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ನಿಂತ ಕಾರಿನಲ್ಲಿ ನ್ಯೂಟ್ರಲ್‌ನಲ್ಲಿ ಕೇಳುವ ಗುಂಯ್ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನಪಡಬೇಕು, ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ.

ಬಿಲ್ಲಿನ ವಿಚಾರಕ್ಕೆ ಬಂದರೆ, ಗೇರ್‌ಬಾಕ್ಸ್ ಒಂದರದೇ ಬಿಲ್ಲು ಇದ್ದರೆ ನನಗೆ ಸಮಾಧಾನವಾಗದು. ಒಮ್ಮೆ ಅದನ್ನು ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಇವನ್ನೆಲ್ಲ ಒಟ್ಟಿಗೇ ಹಾಕಿಸುವುದು ಬುದ್ಧಿವಂತ ಮಾಲೀಕನ ಲಕ್ಷಣ; ಇವುಗಳಿಗಾಗಿ ಮತ್ತೊಮ್ಮೆ ಇಳಿಸಬೇಕಾದರೆ ಕೂಲಿಯೇ ಬಿಡಿಭಾಗದ ಬೆಲೆಯನ್ನು ಮೀರಬಹುದು. ಯಾವ ಎಣ್ಣೆ ಹಾಕಿದ್ದಾರೆಂಬುದೂ ಅದೇ ಬಿಲ್ಲಿನಲ್ಲಿರಲಿ. ಕಂಪನಿ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಹೇಳಿದ ಕಡೆ, ‘ಅದಕ್ಕಿಂತ ದೊಡ್ಡದು’ ಎಂಬ ಲೆಕ್ಕದಲ್ಲಿ ಜಿಎಲ್-5 ಸುರಿಯುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ. ಅದರಲ್ಲಿ ಹೆಚ್ಚಿರುವ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ನೋಡಿಕೊಳ್ಳಬೇಕಾದದ್ದು ಏಕೆಂದರೆ ಆಮೇಲೆ ಕೈ ಹಿಡಿಯುವವರು ಕಡಿಮೆ. ವಾಹನ ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ವ್ಯಾಪಾರಿಯಿಂದ ಕೊಂಡಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಆದರೆ ಪರಿಚಯದವರಿಂದ ಮನೆ ಬಾಗಿಲಲ್ಲಿ ಕೊಂಡ ಕಾರಿಗೆ ಆ ದಾರಿ ಸುಲಭವಾಗಿ ತೆರೆಯದು. ಅಂಥಲ್ಲಿ ಗೇರ್‌ಬಾಕ್ಸಿನ ಸಂಖ್ಯೆ, ಬದಲಾದ ದಿನಾಂಕ, ಕಾರಣ ಇವನ್ನು ಒಂದು ಹಾಳೆಯಲ್ಲಿ ಬರೆಸಿ ಮಾಲೀಕರ ಸಹಿ ಪಡೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು, ತಮ್ಮ ಬಳಿ ಇರುವ ವಾಹನದ ಓಡಾಟವನ್ನು ದಾಖಲಿಸಬೇಕು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪರೀಕ್ಷೆಗೆಂದು ಕಾರು ಎಲ್ಲಿಗೆ ಹೋಗಿ ಬಂತು ಎಂಬುದನ್ನು ಬರೆದಿಡಬೇಕಾದ ವ್ಯಾಪಾರಿಗೆ, ತಾನು ಮಾರುವ ಕಾರಿನ ಗೇರ್‌ಬಾಕ್ಸ್ ಬದಲಾಗಿರುವುದು ಗೊತ್ತಿದ್ದರೆ ಅದನ್ನು ಬರೆದುಕೊಡುವುದು ಹೊರೆಯಾಗದು. ಮಾರಾಟದ ಕಾಗದದಲ್ಲಿ ಅದಕ್ಕೊಂದು ಕಲಂ ಸೇರಿಸುವಂತೆ ರಾಜ್ಯ ಸಾರಿಗೆ ಇಲಾಖೆ ಕೇಂದ್ರಕ್ಕೆ ಬರೆಯಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನಿವೃತ್ತ ಉಪನ್ಯಾಸಕ,
ಚಿಕ್ಕಮಗಳೂರು