ಚಿತ್ರದಲ್ಲಿರುವವರಿಗೆ ಹೆಸರಿದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಏಷ್ಯಾದ ಸಿನಿಮಾಗಳ ಬಗ್ಗೆ ಒಂದು ಪುಟ ಬಂದಿತ್ತು. ಅದರ ಮೂಲೆಯಲ್ಲಿ ಫಿಲಿಪ್ಪೀನ್ಸ್‌ಗೆ ನಾಲ್ಕು ಪ್ಯಾರಾ. ತಲೆಬರಹ ‘ಸಲಿಂಗಕಾಮಿ ಚಿತ್ರಗಳ ಹಾವಳಿ’. ಪಕ್ಕದಲ್ಲಿ ಅಂಗಿ ಇಲ್ಲದ ಇಬ್ಬರು ಹುಡುಗರ ಫೋಟೊ. ಕೆಳಗೆ ‘ಬೋಲ್ಡ್ ಚಿತ್ರವೊಂದರ ದೃಶ್ಯ’ ಅಂತ ಇತ್ತು, ಅಷ್ಟೇ. ಯಾವ ಸಿನಿಮಾ, ಯಾರು ಮಾಡಿದ್ದು, ಆ ಹುಡುಗರು ಯಾರು, ಒಂದೂ ಇಲ್ಲ. ಅದೇ ಪುಟದಲ್ಲಿ ಕೊರಿಯಾದ ನಟರಿಗೆಲ್ಲ ಹೆಸರಿತ್ತು, ಇರಾನಿನ ನಟಿಗೆ ಹೆಸರಿತ್ತು. ಇವರಿಗೆ ಮಾತ್ರ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು 2011ರಿಂದ 2013ರವರೆಗೆ ಮನಿಲಾದಲ್ಲಿ ಕೆಲಸ ಮಾಡಿದವನು. ಮಕಾತಿಯಲ್ಲಿ ಆಫೀಸು, ರಾತ್ರಿ ಪಾಳಿ, ಬೆಳಿಗ್ಗೆ ಜೀಪ್ನಿ ಹತ್ತಿ ರೂಮಿಗೆ ವಾಪಸ್. ಪಕ್ಕದ ಸೀಟಿನವನು ಮನಿಲಾದ ಸಾಂಪಾಲೋಕ್ ಬಡಾವಣೆಯ ಹುಡುಗ, ಸಿನಿಮಾ ಅಂದ್ರೆ ಪ್ರಾಣ. ತಾನು ‘ಬಕ್ಲಾ’ ಅಂತ ಮೊದಲ ವಾರದಲ್ಲೇ ಹೇಳಿದ, ಊಟ ಆಯ್ತಾ ಅಂತ ಕೇಳುವಷ್ಟು ಸಲೀಸಾಗಿ. ಗಂಡನ್ನು ಪ್ರೀತಿಸುವ ಗಂಡಿಗೂ, ಹೆಣ್ಣಿನ ನಡೆ ನುಡಿ ಇರುವ ಗಂಡಿಗೂ ಅಲ್ಲಿ ಇದೊಂದೇ ಪದ. ಬೀದಿಯಲ್ಲಿ ಬೈಯಲೂ ಅದನ್ನೇ ಬಳಸುತ್ತಾರೆ, ಅವರವರೇ ಅಕ್ಕರೆಯಿಂದ ಕರೆದುಕೊಳ್ಳಲೂ ಅದನ್ನೇ. ಈ ಸಿನಿಮಾಗಳನ್ನೆಲ್ಲ ನನಗೆ ತೋರಿಸಿದವನು ಅವನು. ರಜೆಯ ದಿನ ಡಿವಿಡಿ ಹಿಡಿದು ರೂಮಿಗೆ ಬರುತ್ತಿದ್ದ, ಟಾಗಲಾಗ್ ನನಗೆ ಬಾರದು ಅಂತ ಪಕ್ಕದಲ್ಲೇ ಕೂತು ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದ.

ಮೊದಲು ನಿಮ್ಮ ತಲೆಬರಹದ ಪದದ ವಿಷಯ ಹೇಳಿಬಿಡುತ್ತೇನೆ. ಗಂಡು ಹೆಣ್ಣಿನ ಪ್ರೀತಿಯ ಕಥೆಗೆ ನೀವು ‘ಪ್ರೇಮಕಥೆ’ ಅಂತ ಬರೆಯುತ್ತೀರಿ. ಗಂಡು ಗಂಡಿನ ಕಥೆ ಬಂದ ಕೂಡಲೇ ಆ ಪ್ರೇಮ ಹೋಗಿ ‘ಕಾಮ’ ಬಂದು ಕೂರುತ್ತದೆ. ಯಾಕೆ? ಸಲಿಂಗಿ ಅನ್ನಿ, ಸಲಿಂಗ ಪ್ರೇಮ ಅನ್ನಿ. ಪದ ಎರಡೂ ಕನ್ನಡದಲ್ಲೇ ಇವೆ, ಜಾಗವೂ ಜಾಸ್ತಿ ಬೇಕಾಗಲ್ಲ. ನಿಮ್ಮ ಪತ್ರಿಕೆ ಮನೆಮನೆಗೆ ಬರುವಂಥದ್ದು. ಸಲಿಂಗಿ ಮಕ್ಕಳು ಇರುವ ಮನೆಗಳಿಗೂ ಬರುತ್ತದೆ. ಅಪ್ಪ ಓದಿ ಮಡಚಿಟ್ಟ ಪುರವಣಿಯನ್ನು ಆ ಹುಡುಗನೂ ಬಿಡಿಸಿ ನೋಡುತ್ತಾನೆ, ಅಲ್ವಾ?

ಎಡ್ಡಿ ಗಾರ್ಸಿಯಾ ಅಂತ ಒಬ್ಬ ನಟ ಇದ್ದರು. 1929ರಲ್ಲಿ ಹುಟ್ಟಿದವರು. ಖಳನಾಯಕನ ಪಾತ್ರಗಳಿಗೆ ಹೆಸರಾದವರು. 70ರ ದಶಕದ ಶುರುವಿನಲ್ಲೇ ನಿರ್ದೇಶಕ ಲಿನೋ ಬ್ರೋಕಾ ಅವರ ‘ತುಬೋಗ್ ಸಾ ಗಿಂತೋ’ದಲ್ಲಿ ಡಾನ್ ಬೆನಿತೊ ಆದರು. ಆ ಸಿನಿಮಾದ ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಚಿನ್ನದ ಗಿಲೀಟು. ಬೆನಿತೊ ಹಣವಂತ, ಮರ್ಯಾದಸ್ಥ, ಹೆಂಡತಿ ಇದ್ದಾಳೆ, ಮಗ ಇದ್ದಾನೆ. ಅವನ ಮನಸ್ಸು ಮಾತ್ರ ಗಂಡಸರ ಕಡೆ. ಆ ಗುಟ್ಟನ್ನು ಹಿಡಿದು ಒಬ್ಬ ಯುವಕ ಅವನನ್ನು ಹಿಂಡುತ್ತಾನೆ. ಕೊನೆಗೆ ಎಲ್ಲವೂ ಹಾಳಾಗುತ್ತದೆ. ಆ ಕಾಲದ ಸಿನಿಮಾದಲ್ಲಿ ಬಕ್ಲಾ ಅಂದರೆ ನಗಿಸುವ ಪಾತ್ರ. 1969ರಲ್ಲಿ ಹಾಸ್ಯನಟ ಡಾಲ್ಫಿ ಅಂಥದ್ದೇ ಪಾತ್ರ ಮಾಡಿ ಇಡೀ ದೇಶವನ್ನು ನಗಿಸಿದ್ದರು. ಅಂಥ ಹೊತ್ತಿನಲ್ಲಿ, ನಗುವಿಗೆ ಜಾಗವೇ ಇಲ್ಲದ ಒಬ್ಬ ಮನುಷ್ಯನನ್ನು, ಭಯದಲ್ಲೇ ಬದುಕು ಸವೆಸುವ ಗಂಡನನ್ನು, ಮುಖ್ಯ ಪಾತ್ರವಾಗಿ ಹೊತ್ತು ನಿಲ್ಲುವುದು ಸಣ್ಣ ಮಾತಲ್ಲ.

ಅದೇ ಎಡ್ಡಿ ಗಾರ್ಸಿಯಾ 2012ರಲ್ಲಿ, 83ನೇ ವಯಸ್ಸಿನಲ್ಲಿ, ಜುನ್ ರೊಬ್ಲೆಸ್ ಲಾನಾ ಅವರ ‘ಬ್ವಾಕಾವ್’ ಮಾಡಿದರು. ನಾನು ಅದನ್ನು ನೋಡಿದ್ದು ಮನಿಲಾ ಕೊಲ್ಲಿಯ ದಂಡೆಯಲ್ಲಿರುವ ಕಲ್ಚರಲ್ ಸೆಂಟರ್‌ನಲ್ಲಿ, ಸಿನಿಮಲಾಯಾ ಉತ್ಸವದಲ್ಲಿ. ಹೊರಗೆ ಜೋರು ಮಳೆ, ಒಳಗೆ ಒದ್ದೆ ಕೊಡೆಗಳ ವಾಸನೆ, ಒಂದು ಸೀಟೂ ಖಾಲಿ ಇಲ್ಲ. ಕಥೆಯ ರೇನೆ ಒಬ್ಬ ಸಿಡುಕು ಮುದುಕ. ತಾನು ಯಾರು ಅಂತ ಒಪ್ಪಿಕೊಳ್ಳುವ ಹೊತ್ತಿಗೆ ಬದುಕೇ ಮುಗಿಯುತ್ತಾ ಬಂದಿದೆ. ಉಯಿಲು ಬರೆಸಿಟ್ಟಿದ್ದಾನೆ, ಶವಪೆಟ್ಟಿಗೆ ಕೊಂಡಿದ್ದಾನೆ, ಸಾವನ್ನು ಕಾಯುತ್ತಿದ್ದಾನೆ. ಜೊತೆಗಿರುವುದು ಒಂದು ಬೀದಿ ನಾಯಿ. ಅದರ ಹೆಸರೇ ಬ್ವಾಕಾವ್, ಅಂದರೆ ಹೊಟ್ಟೆಬಾಕ. ಹಿಂದೆ ವರ್ಷಗಟ್ಟಲೆ ತನ್ನನ್ನು ನಂಬಿಕೊಂಡಿದ್ದ ಒಬ್ಬ ಹೆಂಗಸನ್ನು ನೋಡಲು ಅವನು ವೃದ್ಧಾಶ್ರಮಕ್ಕೆ ಹೋಗುತ್ತಾನೆ. ಅವಳಿಗೆ ಮರೆವಿನ ಕಾಯಿಲೆ. ಆ ಹೆಂಗಸಿನ ಎದುರು ಕೂತಾಗ ಎಡ್ಡಿ ಗಾರ್ಸಿಯಾ ಅವರ ಮುಖ ನೋಡಬೇಕು ಸರ್. ಅಳು ಇಲ್ಲ, ದೊಡ್ಡ ಮಾತಿಲ್ಲ. ನಿನಗೂ ಮೋಸ ಮಾಡಿದೆ, ನನಗೂ ಮಾಡಿಕೊಂಡೆ ಅನ್ನುವುದು ಬರೀ ಮುಖದಲ್ಲೇ ಗೊತ್ತಾಗುತ್ತದೆ. ನನ್ನ ಸಹೋದ್ಯೋಗಿ ಹಿಂದಿನ ತಿಂಗಳಷ್ಟೇ ಡಾನ್ ಬೆನಿತೊ ಕಥೆಯನ್ನು ನನಗೆ ಹೇಳಿದ್ದ. ಗುಟ್ಟು ಬಯಲಾಗುತ್ತದೆ ಅಂತ ನಡುಗುತ್ತಿದ್ದ ಆ ನಡುವಯಸ್ಸಿನ ಗಂಡಸು ಬದುಕಿ ಉಳಿದಿದ್ದರೆ ಹೀಗೇ ಮುದುಕನಾಗುತ್ತಿದ್ದನೇನೋ ಅಂತ ನನಗೆ ಅಲ್ಲೇ ಕೂತಾಗ ಅನಿಸಿತು. ಮುಂದಿನ ವರ್ಷ ಆ ಪಾತ್ರಕ್ಕೆ ಏಷ್ಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಅವರದಾಯಿತು.

ಅಲ್ಲಿಗೂ ಅವರು ನಿಲ್ಲಿಸಲಿಲ್ಲ. 2018ರ ‘ರೇನ್‌ಬೋಸ್ ಸನ್‌ಸೆಟ್’ನಲ್ಲಿ ಅವರು ನಿವೃತ್ತ ಸೆನೆಟರ್. ಸಾಯುತ್ತಿರುವ ತನ್ನ ಹಳೆಯ ಪ್ರೇಮಿಯನ್ನು ನೋಡಿಕೊಳ್ಳಲು ಮನೆ ಬಿಟ್ಟು ಹೋಗುತ್ತಾನೆ. ಮಕ್ಕಳು ಸಿಟ್ಟಾಗುತ್ತಾರೆ, ಹೆಂಡತಿಗೆ ಮಾತ್ರ ಎಲ್ಲ ಮೊದಲೇ ಗೊತ್ತು. ಆಗ ಅವರಿಗೆ 89. 2019ರ ಜೂನ್‌ನಲ್ಲಿ ಒಂದು ಧಾರಾವಾಹಿಯ ಚಿತ್ರೀಕರಣದಲ್ಲಿ ಬಿದ್ದು, ಕುತ್ತಿಗೆ ಮೂಳೆ ಮುರಿದು, ಕೆಲವು ದಿನಕ್ಕೆ ತೀರಿಕೊಂಡರು. ಸಿನಿಮಾ, ಟೀವಿ ಕೆಲಸಗಾರರ ದುಡಿಮೆಯ ಗಂಟೆ ಮತ್ತು ಸುರಕ್ಷತೆಗಾಗಿ ಆ ದೇಶ 2024ರಲ್ಲಿ ಮಾಡಿದ ಕಾನೂನಿಗೆ ‘ಎಡ್ಡಿ ಗಾರ್ಸಿಯಾ ಕಾಯ್ದೆ’ ಅಂತಲೇ ಹೆಸರು. ನಿಮ್ಮ ನಾಲ್ಕು ಪ್ಯಾರಾದಲ್ಲಿ ಈ ಮನುಷ್ಯನಿಗೆ ಒಂದು ಸಾಲೂ ಸಿಗಲಿಲ್ಲ.

ಹೆಸರು ಮಾಡಿದವರ ಮಾತು ಬೇರೆ ಬಿಡಿ, ಹೊಸ ಹುಡುಗರ ಮಾತು ಬೇರೆ. ಇದನ್ನೂ ಮುಚ್ಚಿಡದೆ ಹೇಳಬೇಕು. 2000ದ ನಂತರ ಡಿಜಿಟಲ್ ಕ್ಯಾಮೆರಾ ಅಗ್ಗವಾಗಿ, ಕೆಲವೇ ದಿನಗಳಲ್ಲಿ ಸಿನಿಮಾ ಮಾಡಿ ಮುಗಿಸುವುದು ಸಾಧ್ಯವಾದಾಗ, ಈ ಬಗೆಯ ಚಿತ್ರಗಳು ಸಾಲು ಸಾಲಾಗಿ ಬಂದವು. ಒಳ್ಳೆಯವೂ ಇದ್ದವು, ಬರೀ ಮೈ ತೋರಿಸಿ ಡಿವಿಡಿ ಮಾರಲು ಮಾಡಿದವೂ ಇದ್ದವು. ಅವುಗಳಲ್ಲಿ ನಟಿಸಿದವರಲ್ಲಿ ತುಂಬಾ ಜನ ಹೊಸಬರು, ಹೆಸರೂ ಬೆಂಬಲವೂ ಇಲ್ಲದವರು. ಒಂದೆರಡು ಚಿತ್ರ ಮಾಡಿ ಕಾಣೆಯಾದರು. ಕೆಲವು ದೊಡ್ಡ ಮಾಲ್‌ಗಳ ಚಿತ್ರಮಂದಿರದಲ್ಲಿ ವಯಸ್ಕರ ಚಿತ್ರಕ್ಕೆ ಜಾಗವಿರಲಿಲ್ಲ, ಸೆನ್ಸಾರ್ ಮಂಡಳಿ ‘ಎಕ್ಸ್’ ದರ್ಜೆ ಕೊಟ್ಟರೆ ಪ್ರದರ್ಶನವೇ ಇಲ್ಲ. ಹಾಗಾಗಿ ಕತ್ತರಿ ಬೀಳದೆ ನೋಡಬೇಕು ಅಂದರೆ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಥಿಯೇಟರಿನಂಥ ಜಾಗವೇ ಗತಿ. ಆ ಹುಡುಗರ ಮೈಯನ್ನು ಪೋಸ್ಟರಿನಲ್ಲಿ ಹಾಕಿದರು, ಹೆಸರನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನನ್ನ ಸಹೋದ್ಯೋಗಿಗೆ ಇದೇ ದೊಡ್ಡ ಸಂಕಟ. ಡಿವಿಡಿ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಬೆರಳಿಟ್ಟು ಓದಿ ಹೇಳುತ್ತಿದ್ದ.

ಆದರೆ ಆ ದಾರಿಯಲ್ಲೇ ಬಂದು ನಿಂತವರೂ ಇದ್ದಾರೆ. ಕೋಕೋ ಮಾರ್ಟಿನ್‌ರನ್ನೇ ನೋಡಿ. 2005ರಲ್ಲಿ ಬ್ರಿಲ್ಯಾಂತೆ ಮೆಂಡೋಜಾ ಅವರ ಮೊದಲ ಚಿತ್ರ ‘ಮಸಾಹಿಸ್ತಾ’. ಅದರಲ್ಲಿ ಅವರು ಗಂಡಸರಿಗೆ ಮಸಾಜ್ ಮಾಡುವ ಹುಡುಗ. ಒಂದು ಕಡೆ ಗಿರಾಕಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತಾನೆ, ಇನ್ನೊಂದು ಕಡೆ ಅದೇ ಕೈಯಿಂದ ಸತ್ತ ಅಪ್ಪನ ಮೈಗೆ ಬಟ್ಟೆ ತೊಡಿಸುತ್ತಾನೆ. ಎರಡನ್ನೂ ಸಿನಿಮಾ ಒಂದರ ಪಕ್ಕ ಒಂದಿಟ್ಟು ತೋರಿಸುತ್ತಾ ಹೋಗುತ್ತದೆ. ಬದುಕಿರುವ ಮೈ, ಸತ್ತ ಮೈ, ನಡುವೆ ಆ ಹುಡುಗನ ಕೈ. ಇದಕ್ಕೆ ‘ಬೋಲ್ಡ್’ ಅನ್ನುವ ಒಂದೇ ಪದ ಸಾಕಾ? ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ವಿಡಿಯೊ ವಿಭಾಗದ ಚಿನ್ನದ ಚಿರತೆ ಸಿಕ್ಕಿತು. ಮುಂದೆ ಅದೇ ಕೋಕೋ ಮಾರ್ಟಿನ್ 2015ರಿಂದ 2022ರವರೆಗೆ, ಹತ್ತಿರ ಹತ್ತಿರ ಏಳು ವರ್ಷ, ದಿನಾ ಸಂಜೆ ಇಡೀ ದೇಶ ನೋಡುವ ಧಾರಾವಾಹಿಯಲ್ಲಿ ಪೊಲೀಸ್ ಆಗಿ ಮನೆಮಾತಾದರು. ಅಜ್ಜಿಯರು ಅವರ ಧಾರಾವಾಹಿ ನೋಡಿ ಊಟಕ್ಕೆ ಏಳುತ್ತಿದ್ದರಂತೆ. ಹಳೆಯ ಪಾತ್ರಗಳನ್ನು ಹಿಡಿದು ಜನ ಅವರನ್ನು ದೂರ ಇಡಲಿಲ್ಲ.

ನಿಮ್ಮ ವರದಿಯಲ್ಲಿ ‘ಹಾವಳಿ’ ಅಂದಿದ್ದೀರಲ್ಲ, ‘ಆಂಗ್ ಪಗ್ದದಲಾಗಾ ನಿ ಮಾಕ್ಸಿಮೊ ಒಲಿವೆರೋಸ್’ ಒಂದನ್ನು ನೋಡಿದ್ದರೂ ಆ ಪದ ಬರೆಯುತ್ತಿರಲಿಲ್ಲ. ಮಾಕ್ಸಿಮೊ ದೊಡ್ಡವಳಾದದ್ದು ಅಂತ ಆ ಹೆಸರಿನ ಅರ್ಥ. 2005ರಲ್ಲಿ ಸಿನಿಮಲಾಯಾ ಶುರುವಾದ ವರ್ಷವೇ ಬಂದ ಚಿತ್ರ. ಉತ್ಸವದವರು ಆಯ್ಕೆಯಾದ ಒಂದೊಂದು ಕಥೆಗೂ 5 ಲಕ್ಷ ಪೆಸೊ ಕೊಟ್ಟಿದ್ದರು. ಸಾಂಪಾಲೋಕ್‌ನ ಕೊಳೆಗೇರಿಯ 12 ವರ್ಷದ ಹುಡುಗ ಮಾಕ್ಸಿ. ಅಮ್ಮ ಇಲ್ಲ. ಅಪ್ಪನೂ ಇಬ್ಬರು ಅಣ್ಣಂದಿರೂ ಸಣ್ಣಪುಟ್ಟ ಕಳ್ಳತನ ಮಾಡಿ ಬದುಕುವವರು. ಮನೆಯಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಎಲ್ಲರಿಗೂ ಬಡಿಸುವವನು ಇವನೇ. ತಲೆಗೆ ಕ್ಲಿಪ್ಪು, ಸೊಂಟ ಬಳುಕಿಸಿ ನಡಿಗೆ. ಆ ಒರಟು ಗಂಡಸರು ಅದಕ್ಕಾಗಿ ಅವನಿಗೆ ಹೊಡೆಯುವುದಿಲ್ಲ, ಬದಲು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಅವನಿಗೆ ಒಬ್ಬ ಯುವ ಪೊಲೀಸ್ ಮೇಲೆ ಮನಸ್ಸಾಗುತ್ತದೆ. ಅಲ್ಲಿಂದ ಮನೆಯೂ ಪೊಲೀಸೂ ಅವನನ್ನು ಎರಡು ಕಡೆ ಎಳೆಯುತ್ತವೆ. ಕೊನೆಯಲ್ಲಿ ಶಾಲೆಯ ಯೂನಿಫಾರ್ಮ್ ಹಾಕಿಕೊಂಡು ಅವನು ನಡೆದು ಬರುತ್ತಾನೆ, ಆ ಪೊಲೀಸ್ ದಾರಿಯಲ್ಲಿ ಕಾಯುತ್ತಾ ನಿಂತಿದ್ದಾನೆ. ಮಾಕ್ಸಿ ಅವನನ್ನು ದಾಟಿ ಹೋಗುತ್ತಾನೆ. ಸ್ವಲ್ಪ ಮುಂದೆ ಹೋಗಿ ಒಂದು ಕ್ಷಣ ಹೆಜ್ಜೆ ತಡವಾಗುತ್ತದೆ. ತಿರುಗಿ ನೋಡುತ್ತಾನಾ ಅಂತ ನಾವು ಉಸಿರು ಬಿಗಿ ಹಿಡಿದಿರುತ್ತೇವೆ. ನೋಡದೆ ಹೋಗುತ್ತಾನೆ. ಆ ಹುಡುಗ ನೇಥನ್ ಲೋಪೆಜ್, ನಿರ್ದೇಶಕ ಔರೇಯುಸ್ ಸೊಲಿಟೊ, ಬರೆದವರು ಮಿಚಿಕೊ ಯಮಾಮೊತೊ. 2006ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ, ಸಲಿಂಗಿಗಳ ಕಥೆ ಹೇಳುವಂಥ ಚಿತ್ರಗಳಿಗೆ ಕೊಡುವ ಟೆಡ್ಡಿ ಪ್ರಶಸ್ತಿ ಬಂತು. ಆ ವರ್ಷ ಫಿಲಿಪ್ಪೀನ್ಸ್ ಆಸ್ಕರ್‌ಗೆ ಕಳಿಸಿದ್ದೂ ಇದನ್ನೇ. ಇದು ನಮ್ಮ ಬೀದಿಯದೇ ಕಥೆ ಅಂತ ನನ್ನ ಸಹೋದ್ಯೋಗಿ ಹೇಳಿದ್ದ. ಒಂದು ಭಾನುವಾರ ಆ ಓಣಿಗಳಿಗೆ ಕರೆದುಕೊಂಡೂ ಹೋಗಿದ್ದ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಚರ್ಚಿನ ಮಾತು ಬಲವಾಗಿರುವ ದೇಶ, ಮುಸ್ಲಿಮರನ್ನು ಬಿಟ್ಟರೆ ಗಂಡ ಹೆಂಡತಿಗೆ ವಿಚ್ಛೇದನದ ಕಾನೂನು ಕೂಡ ಇಲ್ಲ. ಸಲಿಂಗಿಗಳಿಗೆ ತಾರತಮ್ಯ ಮಾಡಬಾರದು ಅನ್ನುವ ಮಸೂದೆ 2000ನೇ ಇಸವಿಯಿಂದ ಒಂದಲ್ಲ ಒಂದು ರೂಪದಲ್ಲಿ ಸಂಸತ್ತಿಗೆ ಬರುತ್ತಲೇ ಇದೆ, ಪಾಸಾಗಿಲ್ಲ. ಟೀವಿಯಲ್ಲಿ ಬಕ್ಲಾ ನಗಿಸಿದರೆ ಚಪ್ಪಾಳೆ, ಮನೆ ಬಾಡಿಗೆ ಕೇಳಲು ಹೋದರೆ ಬೇರೆ ಮುಖ ಅಂತ ನನ್ನ ಸಹೋದ್ಯೋಗಿಯೇ ಹೇಳುತ್ತಿದ್ದ. ಅದಕ್ಕೇ ಆ ನಟರ ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 2016ರಲ್ಲಿ ‘ಡೈ ಬ್ಯೂಟಿಫುಲ್’ ಬಂದಾಗ ನಾನು ಬೆಂಗಳೂರಿಗೆ ವಾಪಸ್ ಬಂದಾಗಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿ ತೀರಿಕೊಂಡ ಮಗಳನ್ನು ಗಂಡಿನ ವೇಷದಲ್ಲಿ ಹೂಳಬೇಕು ಅಂತ ಹಟ ಹಿಡಿಯುವ ಅಪ್ಪ, ಶವವನ್ನು ಕದ್ದು ಒಯ್ದು ದಿನಕ್ಕೊಂದು ಅಲಂಕಾರ ಮಾಡುವ ಗೆಳತಿಯರು. ಆ ಮಗಳ ಪಾತ್ರ ಮಾಡಿದ ಪಾವ್ಲೊ ಬಲ್ಲೆಸ್ಟೆರೋಸ್‌ಗೆ ಟೋಕಿಯೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಆ ಸುದ್ದಿ ಓದಿದಾಗ ನನಗೆ ತಕ್ಷಣ ನೆನಪಾದದ್ದು ನಮ್ಮ ಸಂಚಾರಿ ವಿಜಯ್. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನೀವು ಮುಖಪುಟದಲ್ಲಿ ಅವರ ಹೆಸರು ಹಾಕಿದ್ದಿರಿ. ಅವರ ಪಾತ್ರವನ್ನು ನೀವು ಹಾವಳಿ ಅನ್ನಲಿಲ್ಲ, ಬೋಲ್ಡ್ ಅನ್ನಲಿಲ್ಲ, ನಟನೆ ಅಂದಿರಿ. ಅಷ್ಟೇ ಮರ್ಯಾದೆಯನ್ನು ನಾನು ಇವರಿಗೂ ಕೇಳುತ್ತಿದ್ದೇನೆ.

ಇನ್ನು ಆ ಫೋಟೊ. ಅದು ಲಿನೋ ಬ್ರೋಕಾ ಅವರ 1988ರ ‘ಮಾಚೊ ಡಾನ್ಸರ್’. ಮನಿಲಾದ ಬಾರುಗಳಲ್ಲಿ ಗಂಡಸರೆದುರು ಕುಣಿದು ಹೊಟ್ಟೆ ಹೊರೆಯುವ ಬಡ ಹುಡುಗರ ಕಥೆ. ಒಬ್ಬ ಹಳ್ಳಿಯಿಂದ ಮನೆಯವರನ್ನು ಸಾಕಲು ಬಂದವನು, ಇನ್ನೊಬ್ಬ ಕಳೆದುಹೋದ ತಂಗಿಯನ್ನು ಹುಡುಕುತ್ತಿರುವವನು. ಸೆನ್ಸಾರಿನವರು ಸಿಕ್ಕಾಪಟ್ಟೆ ಕತ್ತರಿಸಿದರು. ಕತ್ತರಿ ಬೀಳದ ಪ್ರತಿಯನ್ನು ಗುಟ್ಟಾಗಿ ದೇಶದಿಂದ ಹೊರಗೆ ಸಾಗಿಸಬೇಕಾಯಿತು, ಅದು ಇವತ್ತು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಬ್ರೋಕಾ 1991ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ತಂಗಿಯನ್ನು ಹುಡುಕುವ ಹುಡುಗನಾಗಿ ನಟಿಸಿದವರು ಮುಂದೆ ರಾಜಕೀಯಕ್ಕೆ ಬಂದು, 2019ರಲ್ಲಿ ಮನಿಲಾ ಪಕ್ಕದ ಬುಲಕಾನ್ ಪ್ರಾಂತ್ಯದ ಗವರ್ನರ್ ಆಗಿ ಗೆದ್ದರು. ಆ ಸಿನಿಮಾ ಮಾಡಿದ್ದಕ್ಕೆ ಬುಲಕಾನ್‌ನ ಜನ ಅವರಿಗೆ ವೋಟು ತಪ್ಪಿಸಲಿಲ್ಲ.

ಮುಂದಿನ ಭಾನುವಾರ ‘ತಿದ್ದುಪಡಿ’ ಅಂತ ನೀವು ಹಾಕುವ ಆ ಸಣ್ಣ ಚೌಕದಲ್ಲಿ ಇದನ್ನು ಹಾಕಿ: ಫೋಟೊದಲ್ಲಿ ಎಡಗಡೆ ಇರುವವರು ಅಲನ್ ಪೌಲೆ, ಬಲಗಡೆ ಇರುವವರು ಡೇನಿಯಲ್ ಫರ್ನಾಂಡೊ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ, ಬೆಂಗಳೂರು